ಎದೆಲ್ಮಿರಾ ದೊಡ್ಡಮ್ಮನ ಪಾಲಿನ ನೀರು

ಆ ಬಾಗಿಲು ಮುಂದಕ್ಕೆ ತಳ್ಳು, ಧೂಳೆಲ್ಲ ಒಳಗೆ ಬರತ್ತೆ. ಹಾಂ... ಸಾಕು. ಕೆಂಡಕ್ಕೆ ಇನ್ನು ಸೌದೆ ಹಾಕಬೇಡಿ, ಇರೋದ್ರಲ್ಲೇ ಕೈ ಕಾಯಿಸ್ಕೊಳ್ಳಿ. ಮತ್ತೆ, ನಾನು ಹೇಳೋವಾಗ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಒಳಗೆ ಹೋಗ್ಬಿಡ್ತೀನಿ. ಇದು ಕಟ್ಟಿದ ಕತೆ ಅಲ್ಲ. ನನ್ನ ದೊಡ್ಡಮ್ಮನ ಮಗ ರೊಸಮೆಲ್‌ಗೆ ಆಗಿದ್ದು.

ಹೋದ ಚಳಿಗಾಲ. ನಮ್ಮ ಕಡೆ ಮಳೆ ಬರಬೇಕಾಗಿದ್ದ ತಿಂಗಳು. ಬರಲಿಲ್ಲ ಅಂತ ಬೇರೆ ಹೇಳಬೇಕಾ? ರೊಸಮೆಲ್ ಕೆಳಗಿನ ಕಣಿವೆಗೆ ಹೋಗಿದ್ದ, ಪಾಪಾಸುಕಳ್ಳಿ ತರೋಕೆ. ಹುಲ್ಲಿನ ಮುಖ ಕಾಣದ ಆಡುಗಳಿಗೆ ಅದೇ ಮೇವು. ಮುಳ್ಳು ಸುಟ್ಟು, ಹೆಚ್ಚಿ ಹಾಕೋದು. ಮೂಟೆ ಹೊತ್ಕೊಂಡು ವಾಪಸ್ಸು ಬರೋ ಹೊತ್ತಿಗೆ ಕತ್ತಲು ಗವ್ ಅಂತಿತ್ತು. ಚಂದ್ರ ಇನ್ನೂ ಬೆಟ್ಟದ ಆಚೆಗೇ ಇದ್ದ.

ಊರ ಬಾಯಲ್ಲಿ ಹಳೇ ಬಾವಿ ಇದೆಯಲ್ಲ, ಅಲ್ಲಿಗೆ ಬಂದ. ನಾನು ಹುಡುಗಿಯಾಗಿದ್ದಾಗ ಆ ಬಾವಿಗೆ ಬಗ್ಗಿ ಕೈಯಲ್ಲೇ ಕೊಡ ಅದ್ದಿದೀನಿ. ಈಗ ಕಲ್ಲು ಹಾಕಿದ್ರೆ ಎಷ್ಟೋ ಹೊತ್ತಿನ ಮೇಲೆ ಟಕ್ ಅನ್ನತ್ತೆ. ಒಣ ಟಕ್. ಆಡು ಬಿದ್ದು ಸಾಯಬಾರದು ಅಂತ ಮೇಲೆ ಹಲಗೆ ಮುಚ್ಚಿದೀವಿ.

ಇವನು ಬಾವಿ ದಾಟೋ ಹೊತ್ತಿಗೆ ಒಂದು ಸದ್ದು. ಕಿರ್ರ್... ಕಿರ್ರ್... ತಗಡಿನ ಡಬ್ಬದ ಹಿಡಿ ತಿರುಗ್ತಾ ಇರೋ ಸದ್ದು. ಆಮೇಲೆ ಹಲಗೆ ಮೇಲೆ ಕೂತವರು ಯಾರೋ ಮಗ್ಗುಲು ಬದಲಿಸಿದ ಹಾಗೆ... ಲಟ್.

ಇವನು ನಿಂತ.

"ರೊಸಮೆಲ್..."

ಪಿಸುಮಾತು. ಯಾರು ಅಂತ ಕೇಳಲಿಲ್ಲ ಇವನು. ಹುಟ್ಟಿದಾಗಿಂದ ಕೇಳಿದ ದನಿ ಅದು.

"ಏನಮ್ಮಾ?"

"ನೀರಿನ ಲಾರಿ ಬಂತಾ ಮಗಾ?"

"ನಾಳೆ ಬರತ್ತೆ."

"ನನ್ನ ಪಾಲು ಇದೆಯಾ?"

"ಇದೆ, ಇದೆ. ಚಳಿ. ಮನೆಗೆ ನಡಿ."

ಅಂದು, ಮೂಟೆ ಇನ್ನೊಂದು ಹೆಗಲಿಗೆ ಹಾಕ್ಕೊಂಡು ಮುಂದೆ ನಡೆದ. ದಿನವೆಲ್ಲ ಕೆಲಸ ಮಾಡಿ ಸುಸ್ತಾದೋನು, ಬಾಯಿ ತಾನಾಗೇ ಉತ್ತರ ಕೊಟ್ಟಿತ್ತು. ತಿರುವಿಗೆ ಬಂದ ಮೇಲೆ ಕಾಲು ನಿಂತ್ಬಿಡ್ತು.

ಯಾಕೆ ಅಂದ್ರೆ, ಅವರಮ್ಮ ಎದೆಲ್ಮಿರಾ ಬೇಸಿಗೆಯಲ್ಲೇ ಸತ್ತಿದ್ಲು. ಗುಂಡಿ ತೋಡಿದ್ದು ಇವನೇ. ಮೇಲೆ ಕಲ್ಲು ಪೇರಿಸಿದ್ದೂ ಇವನೇ. ಹಿಂದೆ ತಿರುಗಿ ನೋಡಲಿಲ್ಲ. ಕಳ್ಳಿ ಮೂಟೆ ಅಲ್ಲೇ ಬಿಸಾಕಿ ಎದ್ದೆನೋ ಬಿದ್ದೆನೋ ಅಂತ ಓಡಿದ.

ಅವಳು ಸತ್ತಿದ್ದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇವನಿಗೆ ಅಕ್ಕನ ಹಾಗಿರೋ ನನಗೂ ಗೊತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಯೋ ವಿಷಯ.

ಆಗಿದ್ದಿಷ್ಟು. ಬೇಸಿಗೆ ಬಂದ್ರೆ ಆಡು ಹೊಡ್ಕೊಂಡು ಎತ್ತರದ ಹುಲ್ಲುಗಾವಲಿಗೆ ಹೋಗೋದು ನಮ್ಮ ಅಜ್ಜಂದಿರ ಕಾಲದಿಂದ ಇದೆ, ಅರ್ಜೆಂಟೀನಾ ಗಡಿ ಹತ್ತಿರದ ತನಕ. ದೊಡ್ಡಮ್ಮ ಒಂದು ಬೇಸಿಗೆಯೂ ತಪ್ಪಿಸಿದೋಳಲ್ಲ. ಆ ವರ್ಷ ನಾನೇ ಹೇಳಿದೆ, "ಈ ವಯಸ್ಸಲ್ಲಿ ಯಾಕೆ ಹತ್ತುತೀಯ, ನಮ್ಮನೇಲಿ ಇರು." "ನಿನ್ನ ಕೈ ಅಡುಗೆ ತಿನ್ನೋದಕ್ಕಿಂತ ಹೇಸರಗತ್ತೆ ಮೇಲೆ ಸಾಯೋದು ಮೇಲು" ಅಂದ್ಲು. ಅಂಥ ಬಾಯಿ ಅವಳದು.

ಮೇಲೆ ಹುಲ್ಲೇ ಇರಲಿಲ್ಲ. ಹಿಮ ಬಿದ್ದರೆ ತಾನೆ ಹುಲ್ಲು? ಒರತೆ ಇದ್ದ ಜಾಗದಲ್ಲಿ ಒದ್ದೆ ಕೆಸರು, ಅಷ್ಟೇ. ಬಟ್ಟೆ ಅದ್ದಿ ಹಿಂಡಿ ಕುಡೀಬೇಕು. ಅಲ್ಲೇ ದೊಡ್ಡಮ್ಮ ಮಲಗಿದ್ಲು, ಮತ್ತೆ ಏಳಲಿಲ್ಲ. ಸಾಯೋ ಮುಂಚೆ ಮಗನ ಕೈ ಹಿಡ್ಕೊಂಡು ಎರಡೇ ಮಾತು ಕೇಳಿದ್ಲಂತೆ. ಒಂದು, ಕೆಳಗೆ ತಗೊಂಡು ಹೋಗಿ ಗಂಡ ಕುಸ್ತೋದಿಯೋನ ಪಕ್ಕ ಮಣ್ಣು ಮಾಡಬೇಕು. ಇನ್ನೊಂದು, ಒಂಬತ್ತು ರಾತ್ರಿ ಲೋಟ ಇಡಬೇಕು.

ಲೋಟ ಗೊತ್ತಲ್ಲ ನಿಮಗೆ. ಸತ್ತವರ ತಲೆ ಹತ್ರ ಮೇಣದಬತ್ತಿ ಹಚ್ಚಿ ಒಂದು ಲೋಟ ನೀರು. ದೂರದ ದಾರಿ ಹೋಗೋ ಜೀವ, ಕುಡ್ಕೊಂಡು ಹೋಗಲಿ ಅಂತ. ಎಂಥ ಬಡವರ ಮನೇಲೂ ಅದನ್ನ ತಪ್ಪಿಸಲ್ಲ.

ಇವನು ಎರಡೂ ಮಾಡಲಿಲ್ಲ.

ಈ ಊರಲ್ಲಿ ಎಲ್ಲರೂ ಸೊಸೆ ನೊಲ್ಫಾನ್ನ ಬೈತಾರೆ. ಸೊಸೆ ಅಂದ್ರೆ ಬೈಯೋಕೆ ಸುಲಭ ನೋಡಿ. ಸುಳ್ಳು. ಮಾತು ಹೊರಟಿದ್ದು ಮಗನ ಬಾಯಿಂದ. ನೊಲ್ಫಾ ಹೆಣಕ್ಕೆ ಕಂಬಳಿ ಸುತ್ತಿ ಹೇಸರಗತ್ತೆಗೆ ಜೀನು ಕಟ್ಟೋಕೆ ಹೊರಟಿದ್ಲಂತೆ. ಇವನು ಹಗ್ಗ ಕೈಯಿಂದ ಇಸ್ಕೊಂಡ.

"ಕೆಳಗೆ ತಗೊಂಡು ಹೋದ್ರೆ ಅಮ್ಮನ ಪಾಲು ಹೋಗತ್ತೆ."

"ಯಾವ ಪಾಲು?"

"ನೀರಿನ ಪಾಲು ಕಣೆ. ಲಾರಿಯೋನು ತಲೆ ನೋಡಿ ಹಾಕ್ತಾನೆ. ಮೂರು ತಲೆ ಎರಡಾದ್ರೆ ಆಡುಗಳಿಗೆ ಏನು ಕುಡಿಸ್ತೀಯ?"

ನೊಲ್ಫಾ ಜೀನು ಕೆಳಗಿಟ್ಲು. ಲಾರಿ ನೀರು ಮನುಷ್ಯರಿಗೆ. ಆಡುಗಳಿಗೆ ಅಂತ ಯಾರೂ ಒಂದು ಹನಿ ಕೊಡಲ್ಲ. ನಾವು ನಮ್ಮ ಬಾಯಿ ಕಟ್ಟಿ, ಪಾತ್ರೆ ತೊಳೆದ ನೀರಲ್ಲಿ ಮುಖ ತೊಳೆದು, ಉಳಿಸಿ ಕೊಡಬೇಕು. ದೊಡ್ಡ ಮಂದೆ ಸತ್ತು ಸತ್ತು ಕೈ ಬೆರಳಲ್ಲಿ ಎಣಿಸೋ ಹಾಗಾಗಿತ್ತು. ಉಳಿದಿದ್ದೆಲ್ಲ ಗಬ್ಬದ ಆಡು. ಅವು ಮರಿ ಹಾಕಿದ್ರೆ ಹಾಲು, ಹಾಲಿದ್ರೆ ಚೀಸು, ಚೀಸಿದ್ರೆ ಬದುಕು. ಅವೂ ಹೋದ್ರೆ ಬಾಗಿಲು ಹಾಕ್ಕೊಂಡು ಕೆಳಗಿನ ಕಣಿವೆಯಲ್ಲಿ ದೊಡ್ಡವರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗೋದೇ ಗತಿ. ಆ ತೋಟ ಈಗಲೂ ಹಸಿರಾಗೇ ಇದೆ, ಗಮನಿಸಿದೀರಾ? ಬರಗಾಲ ಅನ್ನೋದಕ್ಕೂ ಮನೆ ಆರಿಸೋಕೆ ಬರತ್ತೆ.

"ಮರಿ ಹಾಕೋ ತನಕ ಅಷ್ಟೇ" ಅಂದ್ನಂತೆ ರೊಸಮೆಲ್. "ಆಮೇಲೆ ಬಂದು ಕರ್ಕೊಂಡು ಹೋಗೋಣ. ಅಮ್ಮನೇ ಬದುಕಿದ್ದಿದ್ರೂ ಹಾಗೇ ಹೇಳ್ತಿದ್ಲು."

ಹೇಳ್ತಿದ್ಲೇನೋ. ಅದೇ ಕಷ್ಟ. ಆಡು ಅಂದ್ರೆ ಪ್ರಾಣ ಅವಳಿಗೆ. ಆದ್ರೆ ಅವಳನ್ನ ಯಾರೂ ಕೇಳಲಿಲ್ಲವಲ್ಲ! ಆ ಲೋಟವನ್ನಾದ್ರೂ ಇಡಬಹುದಿತ್ತು. "ಮೇಣದಬತ್ತಿ, ಲೋಟ ಯಾರಾದ್ರೂ ನೋಡಿದ್ರೆ ಗೊತ್ತಾಗಲ್ವಾ" ಅಂತ ಅದನ್ನೂ ಬಿಟ್ಟರು. ಒಂದು ಲೋಟ ನೀರು!

ಕೆಳಗಿಳಿದು ಬಂದು, ಅಮ್ಮನಿಗೆ ಹುಷಾರಿಲ್ಲ, ಹಾಸಿಗೆ ಬಿಟ್ಟು ಏಳ್ತಿಲ್ಲ ಅಂತ ಸುದ್ದಿ ಹಬ್ಬಿಸಿದ್ರು. ನಾನು ಪೆದ್ದಿ, ಮೊಟ್ಟೆ ಇಡೋ ಕೋಳಿ ಕೊಯ್ದು ಸಾರು ಮಾಡ್ಕೊಂಡು ಹೋದೆ. ನೊಲ್ಫಾ ಬಾಗಿಲಲ್ಲೇ ಪಾತ್ರೆ ಇಸ್ಕೊಂಡ್ಲು. "ಈಗ ತಾನೆ ನಿದ್ದೆ ಹತ್ತಿದೆ ಅಕ್ಕಾ." ಮಾರನೇ ದಿನ ಪಾತ್ರೆ ವಾಪಸ್ಸು ಬಂತು, ಮರಳಲ್ಲಿ ತಿಕ್ಕಿ ಪಳಪಳ ಅನ್ನಿಸಿದ್ಲು. "ಅತ್ತೆ ತುಂಬಾ ಇಷ್ಟಪಟ್ಟು ಕುಡಿದ್ರು." ಯಾರು ಕುಡಿದಿದ್ದು ಹಾಗಾದ್ರೆ? ನನ್ನ ಕೋಳಿ ಅದು!

ಇನ್ನು ಲಾರಿ. ಲಾರಿ ಓಡಿಸೋ ಬೌದಿಲಿಯೊ ಎಂಥ ಬಾಯಾಳಿ ಅಂತ ನಿಮಗೇ ಗೊತ್ತು. ಮಂಗಳವಾರ ಬಂದ್ರೆ ಮೊದಲು ಬಾವಿ ಹತ್ರ ನಿಲ್ಲಿಸಿ ಹಾರ್ನ್ ಹೊಡೆದು, ಆಮೇಲೆ ಒಂದೊಂದೇ ಮನೆ ಮುಂದೆ ಬಂದು ಡ್ರಮ್ಮಿಗೆ ಪೈಪು ಬಿಡ್ತಾನೆ. ಇವರ ಮನೆ ಮೇಲಿನ ಕಟ್ಟಕಡೆಯದು.

"ಏನ್ರೀ ನೊಲ್ಫಾ, ನಿಮ್ಮತ್ತೆ ಇನ್ನೂ ಹಾಸಿಗೆ ಬಿಟ್ಟಿಲ್ವಾ? ನನ್ನ ಮದುವೆ ಆಗ್ತೀನಿ ಅಂತ ಮಾತು ಕೊಟ್ಟಿದ್ರು, ಈಗ ಸುಮ್ಮನೆ ನಾಟಕ ಮಾಡ್ತಿದಾರೆ ನೋಡಿ!"

ಒಳಗಿಂದ ಖೊಕ್... ಖೊಕ್... ಕೆಮ್ಮು. ಕಿಟಕಿಯಲ್ಲಿ ಇಣುಕಿದ್ರೆ ಮಂಚದ ಮೇಲೆ ಕಪ್ಪು ಶಾಲು ಹೊದ್ದು ಗೋಡೆ ಕಡೆ ಮುಖ ಮಾಡಿದ ಆಕಾರ.

"ರೊಸಮೆಲ್ ಎಲ್ಲಿ?"

"ಆಡು ಮೇಯಿಸೋಕೆ ಹೋಗಿದಾನೆ."

ಎಲ್ಲಿಗೂ ಹೋಗಿರಲಿಲ್ಲ. ಮಂಚದ ಮೇಲೆ ಇದ್ದೋನು ಅವನೇ! ಮೀಸೆ ಬಂದ ಗಂಡಸು, ಸತ್ತ ತಾಯಿ ಶಾಲು ತಲೆ ಮೇಲೆ ಎಳ್ಕೊಂಡು, ತಾಯಿ ಹಾಗೆ ಕೆಮ್ತಾ ಬಿದ್ದಿದ್ದ. ನಗಬೇಡ ಅಂದೆನಲ್ಲ. ನಗೋ ಮಾತಲ್ಲ ಅದು. ಮೂರು ತಲೆಯ ನೀರು ಡ್ರಮ್ಮಿಗೆ ಬಿತ್ತು, ಆಡುಗಳು ಕುಡಿದವು, ಹೊಟ್ಟೆ ದುಂಡಗಾಗ್ತಾ ಬಂದವು. ಚಳಿಗಾಲದ ತನಕ ಹೀಗೇ ನಡೀತು.

ಈಗ ಬಾವಿ ಹತ್ರದ ರಾತ್ರಿಗೆ ಬರ್ತೀನಿ. ಓಡಿ ಬಂದೋನು ಬಾಗಿಲು ಹಾಕಿ ಅಗುಳಿ ಎಳೆದ. ನೊಲ್ಫಾ ಕಳ್ಳಿ ಎಲ್ಲಿ ಅಂದ್ಲು. ಬೆಳಕು ಹರಿಯೋ ತನಕ ಗೋಡೆಗೆ ಒರಗಿ ಕೂತೇ ಇದ್ದ. ಬೆಳಿಗ್ಗೆ "ಸುಸ್ತಾಗಿತ್ತು, ಏನೋ ಭ್ರಮೆ" ಅಂತ ತಾನೇ ಸಮಾಧಾನ ಮಾಡ್ಕೊಂಡು ಶಾಲು ಹೊದ್ದು ಮಂಚ ಹತ್ತಿದ. ಮಂಗಳವಾರ ಅಲ್ವಾ, ಲಾರಿ ಬರಬೇಕಿತ್ತು.

ಲಾರಿ ಬಂತು. ಬೌದಿಲಿಯೊ ಡ್ರಮ್ಮಿಗೆ ಪೈಪು ಬಿಟ್ಟ. ಸ್ವಲ್ಪ ಹೊತ್ತಿಗೇ ನಿಲ್ಲಿಸಿ ಪೈಪು ಸುತ್ತೋಕೆ ಶುರು ಮಾಡಿದ.

"ಇದೇನು, ಇಬ್ಬರದ್ದೇ ಹಾಕಿದೆಯಲ್ಲ" ಅಂದ್ಲು ನೊಲ್ಫಾ. "ಅತ್ತೆ ಪಾಲು?"

"ಅಯ್ಯೋ, ಅವರೇ ಇಸ್ಕೊಂಡ್ರಲ್ಲ!"

"ಯಾರು?"

"ನಿಮ್ಮತ್ತೆ ಕಣ್ರೀ. ಕೆಳಗೆ ಬಾವಿ ಹತ್ರ ಡಬ್ಬ ಸಾಲಾಗಿ ಇಟ್ಕೊಂಡು ನಿಂತಿದ್ರು. ಆ ಕಾಲದ ತಗಡಿನ ಡಬ್ಬಗಳು, ಎಲ್ಲಿಟ್ಟಿದ್ರೋ ಇಷ್ಟು ದಿನ. ಹುಷಾರಾದ್ರಲ್ಲ, ಅಷ್ಟು ಸಾಕು. ನಾನು ಮನೆ ತನಕ ತಂದು ಕೊಡ್ತೀನಿ ಅಂದೆ, ಬೇಡ ಅಂದ್ರು. ತುಂಬಾ ಸೊರಗಿದಾರೆ ಪಾಪ... ಮುಖದ ತುಂಬಾ ಮಣ್ಣು."

ಒಳಗೆ ಮಂಚದ ಮೇಲಿನ ಕೆಮ್ಮು ಗಪ್ ಅಂತ ನಿಂತು ಹೋಯ್ತು.

ನೊಲ್ಫಾ ಏನು ಹೇಳಬೇಕು, ಹೇಳಿ. ಸುಳ್ಳು, ನನ್ನತ್ತೆ ಸತ್ತಿದಾಳೆ ಅನ್ನಬೇಕಾ? ಅಥವಾ ಒಳಗೆ ಮಲಗಿದಾಳೆ ನೋಡು ಅನ್ನಬೇಕಾ? ಡ್ರಮ್ಮಿನ ಮುಚ್ಚಳ ಹಾಕಿದ್ಲು. ಲಾರಿ ಹೋಯ್ತು.

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ. "ನಿಮ್ಮತ್ತೆ ಇಸ್ಕೊಂಡ್ರು." ಡ್ರಮ್ಮು ತುಂಬಲೇ ಇಲ್ಲ. ನೊಲ್ಫಾ ತನ್ನ ಪಾಲು ಆಡುಗಳಿಗೆ ಹಾಕಿ ತಾನು ನಾಲಿಗೆ ಒದ್ದೆ ಮಾಡ್ಕೊಂಡು ಮಲಗ್ತಿದ್ಲು. ಒಂದು ಆಡು ಕಂದು ಹಾಕಿತು. ಕೂದಲೂ ಬಾರದ ಮರಿ, ಕೈಯಷ್ಟೇ ಉದ್ದ. ಅದನ್ನ ಮಣ್ಣಲ್ಲಿ ಹೂತು ಬಂದು ನೊಲ್ಫಾ ಗಂಡನ ಮುಂದೆ ನಿಂತ್ಲು.

"ಹೋಗಿ ಕರ್ಕೊಂಡು ಬರೋಣ. ಊರಿಗೆಲ್ಲ ಹೇಳೋಣ. ನನ್ನ ಕೈಲಿ ಆಗಲ್ಲ."

"ಹೇಳಿದ್ರೆ ಪಾಲು ಹೋಗತ್ತೆ."

"ಈಗ ಎಲ್ಲಿದೆ ಮಾರಾಯ ಪಾಲು? ಈಗಲೇ ಇಲ್ಲವಲ್ಲ!"

ಅವನಿಗೆ ಸಿಟ್ಟು ಬಂದಿದ್ದು ಹೆಂಡತಿ ಮೇಲಲ್ಲ. "ಬದುಕಿದ್ದಾಗ ಮಂದೆಗೋಸ್ಕರ ಬಾಯಾರಿಕೆ ತಡ್ಕೊಂಡೋಳು. ಸತ್ತ ಮೇಲೆ ನನ್ನ ಆಡುಗಳ ನೀರು ಕುಡೀತಾಳಾ? ಹೆತ್ತವಳಾ ಅವಳು?" ಅಂದ. ಹೌದು, ಹಾಗೇ ಅಂದ. ನೊಲ್ಫಾನೇ ನನಗೆ ಹೇಳಿದ್ದು, ಅಳ್ತಾ.

ಮುಂದಿನ ಮಂಗಳವಾರ ಲಾರಿ ದಾರಿಯಲ್ಲಿ ಎಲ್ಲೋ ಕೆಟ್ಟು ತಡವಾಯ್ತು. ರೊಸಮೆಲ್ ಮಧ್ಯಾಹ್ನದಿಂದಲೇ ಬಾವಿ ಹತ್ರ ಬಂಡೆ ಮರೆಯಲ್ಲಿ ಕೂತಿದ್ದ. ಮಂಚದ ಮೇಲೆ ತನ್ನ ಬದಲು ಮೇವಿನ ಮೂಟೆಗೆ ಶಾಲು ಹೊದಿಸಿ ಬಂದಿದ್ದ. ಬಿಸಿಲು ಬೆಟ್ಟದ ತುದಿಗೆ ಹೋಯ್ತು. ಬಾವಿ ಹತ್ರ ಯಾರೂ ಇಲ್ಲ. ಲಾರಿ ಏರು ಹತ್ತೋ ಸದ್ದು ಕೇಳಿಸ್ತು... ಗುರ್ರ್... ಗೇರು ಬದಲಾಗಿ ಮತ್ತೆ ಗುರ್ರ್... ಆ ಸದ್ದಿನ ಮಧ್ಯೆ ಕಿರ್ರ್. ಇವನು ಕತ್ತು ತಿರುಗಿಸಿದ.

ನಿಂತಿದ್ಲು.

ಬೆನ್ನು ಈ ಕಡೆ. ಸುತ್ತಿ ಹೂತ ಕಂಬಳಿ ಹೆಗಲ ಮೇಲೆ. ಕಾಲ ಹತ್ರ ಡಬ್ಬಗಳು. ಬೌದಿಲಿಯೊ ಲಾರಿ ನಿಲ್ಲಿಸಿ ಪೈಪು ಎಳ್ಕೊಂಡು ಬಂದು, ಏನೋ ತಮಾಷೆ ಮಾಡ್ತಾ, ಒಂದೊಂದೇ ಡಬ್ಬಕ್ಕೆ ನೀರು ಬಿಟ್ಟ. ಧೊರ್ರ್ ಅಂತ ನೀರು ಬೀಳ್ತಿರೋದು ಇವನ ಕಣ್ಣಿಗೆ ಕಾಣ್ತಿದೆ. ಪೈಪು ಸುತ್ತಿ ಬೌದಿಲಿಯೊ ಸೀಟು ಹತ್ತಿದ. ಆಗ ಇವನು ಬಂಡೆ ಬಿಟ್ಟು ಓಡಿ ಬಂದು ಡಬ್ಬದ ಹಿಡಿ ಹಿಡಿದ. ಅದರ ಮೇಲೆ ಆಗಲೇ ಅವಳ ಕೈ ಇತ್ತು.

"ಕೊಡು" ಅಂದ. ದನಿ ಏಳಲಿಲ್ಲ. "ಆಡುಗಳು ಸಾಯ್ತಿವೆ ಅಮ್ಮಾ. ನಿನ್ನ ಆಡು ಪಿಂತಾದಾ ಕೂಡ ಮಲಗಿದೆ. ನೀನೇ ಸಾಕಿದ್ದಲ್ವಾ ಅದು... ಕೊಡು."

ಅವಳು ಮುಖ ತಿರುಗಿಸಲಿಲ್ಲ.

"ಬಾಯಾರಿದೆ ಮಗಾ."

"ನನಗೂ ಬಾಯಾರಿದೆ!"

"ಒಂದು ಲೋಟ ಇಟ್ಟಿದ್ರೆ ಸಾಕಿತ್ತು" ಅಂದ್ಲು. "ಒಂದೇ ಲೋಟ... ನಾನು ಹೋಗ್ತಿದ್ದೆ."

ಇವನು ಎಳೆದ. ಡಬ್ಬ ಕೈಗೆ ಬಂತು, ಹಗುರಕ್ಕೆ. ನೋಡಿದ್ರೆ ತಳವೇ ಇಲ್ಲ. ತುಕ್ಕು ತಿಂದು ಹೋಗಿ ಎಷ್ಟೋ ವರ್ಷ ಆಗಿತ್ತು. ಕಾಲ ಕೆಳಗಿನ ಮಣ್ಣು ಮುಟ್ಟಿದ. ಬೂದಿ ಹಾಗೆ ಒಣಗಿತ್ತು. ತಲೆ ಎತ್ತಿದ್ರೆ ಎದುರಿಗೆ ಅವಳಿಲ್ಲ, ಬೌದಿಲಿಯೊ ನಿಂತಿದ್ದ, ಮುಖ ಕೆಂಪಗೆ ಮಾಡ್ಕೊಂಡು. ಲಾರಿ ಕನ್ನಡಿಯಲ್ಲಿ ನೋಡಿದ್ನಂತೆ.

"ಥೂ ನಿನ್ನ! ಹೆತ್ತ ತಾಯಿ ಕೈಯಿಂದ ನೀರು ಕಿತ್ಕೊಳ್ತೀಯಾ? ಹುಷಾರಿಲ್ಲದ ಮುದುಕಿಯಿಂದ? ಎಲ್ಲಿ, ಎಲ್ಲಿ ಹೋದ್ರು ಅವರು, ಹೆದರಿ ಓಡಿ ಹೋದ್ರಾ?"

ರೊಸಮೆಲ್ ಆ ಡಬ್ಬ ಮೆಲ್ಲಗೆ ಕೆಳಗಿಟ್ಟ.

ಬೌದಿಲಿಯೊ ಲಾರಿ ಅಲ್ಲೇ ಬಿಟ್ಟು ಏದುಸಿರು ಬಿಡ್ತಾ ನಮ್ಮ ಮನೆಗೆ ಬಂದ. "ಸುನಿಲ್ದಾ ಅಕ್ಕಾ, ನಿಮ್ಮ ತಮ್ಮನಿಗೆ ಬುದ್ಧಿ ಹೇಳ್ತೀರೋ ನಾನೇ ನಾಲ್ಕು ಬಿಡಲೋ?" ಕೇಳಿದ್ದೇ ನನ್ನ ಮೈಯೆಲ್ಲ ಉರಿದು ಹೋಯ್ತು. ಕೋಳಿ ಸಾರಿನ ಸಿಟ್ಟೂ ಇತ್ತು ಅನ್ನಿ. ಅಕ್ಕಪಕ್ಕದ ಹೆಂಗಸರನ್ನ ಕರ್ಕೊಂಡು ಸೀದಾ ಅವರ ಮನೆಗೆ ನುಗ್ಗಿದೆ. ನೊಲ್ಫಾ ಬಾಗಿಲಿಗೆ ಅಡ್ಡ ನಿಂತ್ಲು. ಪಕ್ಕಕ್ಕೆ ತಳ್ಳಿದೆ. "ದೊಡ್ಡಮ್ಮಾ, ಏಳು, ನಮ್ಮನೆಗೆ ನಡಿ, ಈ ಕಟುಕರ ಮನೇಲಿ ಇರಬೇಡ" ಅಂತ ಶಾಲು ಎಳೆದೆ.

ಕಳ್ಳಿ ತುಂಬಿದ ಮೂಟೆ.

ನೊಲ್ಫಾ ನೆಲಕ್ಕೆ ಕುಸಿದು ನನ್ನ ಕಾಲು ಹಿಡ್ಕೊಂಡ್ಲು. "ಅತ್ತೆ ಮೇಲಿದಾರೆ ಅಕ್ಕಾ... ಬೇಸಿಗೆಯಿಂದ ಮೇಲೇ ಇದಾರೆ..." ಎಲ್ಲಾ ಹೇಳಿದ್ಲು. ಒಂದೂ ಮುಚ್ಚಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬೌದಿಲಿಯೊ ಮೆಲ್ಲಗೆ ಹೊಸ್ತಿಲ ಮೇಲೆ ಕೂತ. ಟೋಪಿ ತೆಗೆದ.

"ಹಾಗಾದ್ರೆ ನಾನು... ಯಾರಿಗೆ ಹಾಕಿದ್ದು?"



ಮಾರನೇ ಬೆಳಿಗ್ಗೆ ಗಂಡಸರು ಹೇಸರಗತ್ತೆ ಹೊಡ್ಕೊಂಡು ಬೆಟ್ಟ ಹತ್ತಿದ್ರು. ರೊಸಮೆಲ್, ನಮ್ಮ ಮನೆಯವರು, ಇನ್ನಿಬ್ಬರು. ಬೇರೆ ಕಾಲದಲ್ಲಿ ಆಗಿದ್ರೆ ಚಳಿಗಾಲದಲ್ಲಿ ಆ ದಾರಿ ಹಿಮದಲ್ಲಿ ಮುಚ್ಚಿರ್ತಿತ್ತು. ಈಗ ಬಟ್ಟಬಯಲು. ನಮ್ಮ ಮನೆಯವರನ್ನ ನೋಡಿದೀರಲ್ಲ, ಸುಳ್ಳು ಹೇಳೋಕೂ ಸೋಮಾರಿ. ಅವರು ಹೇಳಿದ್ದಿಷ್ಟು. ಪೇರಿಸಿದ ಕಲ್ಲು ಒಂದೂ ಅಲುಗಿರಲಿಲ್ಲ. ಸುತ್ತ ನೆಲ ಬಿರುಕು ಬಿಟ್ಟು ಬಿದ್ದಿತ್ತು. ಒಳಗೆ ದೊಡ್ಡಮ್ಮ ಆ ಒಣ ಗಾಳಿಗೆ ತೊಗಲು ಮೂಳೆಗೆ ಅಂಟಿ, ಹಾಗ್ಹಾಗೇ ಇದ್ಲು. ಒಂದು ಹೊರೆ ಸೌದೆಯಷ್ಟೂ ಭಾರ ಇರಬಾರದು. ಆದ್ರೆ ನಾಲ್ಕು ಜನ ಸೇರಿ ಎತ್ತಿದ್ರೂ ಏಳಲಿಲ್ಲ. ಹಗ್ಗ ಹಾಕಿ, ಉಸಿರು ಕಟ್ಟಿ, ಹೇಸರಗತ್ತೆ ಮೇಲೆ ಏರಿಸಿದಾಗ ಅದರ ಮೊಣಕಾಲು ಮಡಚಿತಂತೆ. ಇಳಿಯೋ ದಾರಿ ಪೂರ್ತಿ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ರತಿ ಹೆಜ್ಜೆಗೂ ಕಂಬಳಿ ಒಳಗಿಂದ ಸದ್ದು. ಗುಳುಕ್... ಗುಳುಕ್... ಅರ್ಧ ತುಂಬಿದ ಕೊಡ ಹೊತ್ತು ನಡೆದ ಹಾಗೆ.

ಇದು ಅವರು ಹೇಳಿದ್ದು. ಇನ್ನು ಮೇಲಿಂದು ನಾನೇ ನೋಡಿದ್ದು. ಊರಿಗೆ ಊರೇ ನೋಡಿದ್ದು.

ಹೊತ್ತು ಮುಳುಗೋ ಮುಂಚೆ ಬಂದ್ರು. ರೊಸಮೆಲ್ ಮನೆ ಅಂಗಳದಲ್ಲಿ ನಾವೆಲ್ಲ ಕಾಯ್ತಿದ್ವಿ. ಹೇಸರಗತ್ತೆ ನಿಂತಿತು. ಎಲ್ಲರೂ ಶಿಲುಬೆ ಗುರುತು ಮಾಡ್ಕೊಂಡ್ವಿ. ಆಗ ಕೇಳಿಸ್ತು.

ತೊಟ್... ತೊಟ್... ತೊಟ್...

ಕಂಬಳಿಯಿಂದ ಹೇಸರಗತ್ತೆ ಹೊಟ್ಟೆ ಮೇಲಿಳಿದು, ಅಲ್ಲಿಂದ ಮಣ್ಣಿಗೆ. ನೀರು. ಆ ಅಂಗಳದಲ್ಲಿ ನೀರು ಸುಮ್ಮನೆ ಬೀಳೋ ಸದ್ದು ಕೇಳಿ ಎಷ್ಟು ಕಾಲ ಆಗಿತ್ತು! ನಾನು ಹತ್ರ ಹೋಗಿ ಹೇಸರಗತ್ತೆ ಬೆನ್ನು ಮುಟ್ಟಿದೆ. ತೊಯ್ದು ತೊಪ್ಪೆ. ಕಂಬಳಿ ಒಳಗೆ ಕೈ ಇಟ್ಟೆ. ದೊಡ್ಡಮ್ಮನ ಕೈ ಒಣ ಕಡ್ಡಿ ಹಾಗಿತ್ತು.

ರೊಸಮೆಲ್ ಒಳಗೆ ಹೋದ. ಮೇಣದಬತ್ತಿ ತರೋಕೆ ಅಂದ್ಕೊಂಡೆ. ಈಗಲಾದ್ರೂ ಆ ಲೋಟ ತರ್ತಾನೆ ಅಂದ್ಕೊಂಡೆ. ಅವನು ತಂದಿದ್ದು ಚೀಸು ಮಾಡೋ ದೊಡ್ಡ ಪಾತ್ರೆ. ತಂದು ಹೇಸರಗತ್ತೆ ಹೊಟ್ಟೆ ಕೆಳಗಿಟ್ಟ.

ಟಣ್... ಟಣ್... ಟಣ್...

ಬೇಡ ಕಣೋ ಅಂತ ಒಬ್ಬರೂ ಅನ್ನಲಿಲ್ಲ. ಎಲ್ಲರ ಮನೇಲೂ ಆಡುಗಳಿದ್ವಲ್ಲ. ಟಣ್ ಅನ್ನೋದು ನಿಂತು ಪಿಳಕ್ ಪಿಳಕ್ ಅನ್ನೋ ತನಕ ನಿಂತ್ಕೊಂಡು ನೋಡಿದ್ವಿ. ಪಾತ್ರೆ ತುಂಬಿತು. ತುಂಬಿದ ಮೇಲೆ ತೊಟ್ಟಿಕ್ಕೋದೂ ನಿಂತಿತು. ಆಮೇಲೆ ದೊಡ್ಡಮ್ಮನ್ನ ಇಳಿಸಿದ್ರೆ ನಾನೂ ನೊಲ್ಫಾನೂ ಇಬ್ಬರೇ ಎತ್ಕೊಂಡ್ವಿ. ಹೂವಿನ ಹಾಗೆ ಹಗುರ.

ನೀರು ಎಂಥ ತಿಳಿ ಅಂತೀರಿ! ನಾನೇ ಬಗ್ಗಿ ಮೂಸಿದೆ. ಹೆಣದ ವಾಸನೆ ಇಲ್ಲ, ಮಣ್ಣಿನ ವಾಸನೆ ಇಲ್ಲ, ಲಾರಿ ನೀರಿನ ಕ್ಲೋರಿನ್ ವಾಸನೆಯೂ ಇಲ್ಲ. ರೊಸಮೆಲ್ ಕೊಟ್ಟಿಗೆ ಬಾಗಿಲು ತೆಗೆದ. ಆಡುಗಳು ನೀರಿನ ಸದ್ದಿಗೇ ಎದ್ದು ನಿಂತಿದ್ವು, ಒಂದರ ಮೇಲೊಂದು ಬಿದ್ದು ಓಡಿ ಬಂದ್ವು. ಪಾತ್ರೆ ಸುತ್ತ ನಿಂತ್ವು. ಮೂಸಿದ್ವು. ಒಂದು ಹೆಜ್ಜೆ ಹಿಂದೆ ಹೋದ್ವು.

"ಕುಡಿ" ಅಂದ ರೊಸಮೆಲ್.

ಪಿಂತಾದಾನ ಕೊಂಬು ಹಿಡಿದು ತಲೆ ಬಗ್ಗಿಸಿದ. ಮೂತಿ ನೀರಿಗೆ ತಾಗಿತು. ನಾಲಿಗೆ ಒಣಗಿ ಹೊರಗೆ ಬಿದ್ದಿದ್ದ ಆಡು, ಬಾಯಿ ಬಿಗಿಯಾಗಿ ಮುಚ್ಕೊಂಡ್ತು. "ಕುಡಿಯೇ... ನನ್ನವ್ವಾ, ಕುಡಿಯೇ... ನಿನಗೋಸ್ಕರ ತಾನೆ... ನಿನಗೋಸ್ಕರವೇ ತಾನೆ ನಾನು..." ಅವನು ಅಳ್ತಿದ್ದ. ಅಷ್ಟು ಸಿಟ್ಟಿದ್ದರೂ ನನಗೆ ನೋಡೋಕಾಗಲಿಲ್ಲ, ಮುಖ ತಿರುಗಿಸ್ದೆ. ಕೊನೆಗೆ ತಾನೇ ಬೊಗಸೆಯಲ್ಲಿ ಎತ್ಕೊಂಡ. ಬಾಯಿ ಹತ್ರ ತಂದ. ಏನು ಕಂಡನೋ, ಮೆಲ್ಲಗೆ ವಾಪಸ್ಸು ಪಾತ್ರೆಗೇ ಬಿಟ್ಟ.

ದೊಡ್ಡಮ್ಮನ್ನ ಕುಸ್ತೋದಿಯೊ ದೊಡ್ಡಪ್ಪನ ಪಕ್ಕ ಮಣ್ಣು ಮಾಡಿದ್ವಿ. ಒಂಬತ್ತು ರಾತ್ರಿ ಲೋಟವೂ ಇಟ್ವಿ, ನಮ್ಮ ಮನೆ ಪಾಲಿಂದ. ಲೋಟ ಖಾಲಿ ಆಗ್ತಿತ್ತಾ ಅಂತ ಕೇಳಬೇಡಿ, ನಾನು ನೋಡೋಕೆ ಹೋಗಲಿಲ್ಲ. ಅವಳು ಮತ್ತೆ ಬಾವಿ ಹತ್ರ ಬರಲಿಲ್ಲ. ಬೌದಿಲಿಯೊ ಮಾತ್ರ ಈಗಲೂ ಅಲ್ಲಿ ಹಾರ್ನ್ ಹೊಡೆಯಲ್ಲ, ತಮಾ‌ಷೆನೂ ಬಿಟ್ಟಿದಾನೆ.

ಲಾರಿ ಎರಡು ತಲೆಯ ನೀರು ಹಾಕ್ತು. ಆಡುಗಳಿಗೆ ಸಾಲಲಿಲ್ಲ. ಅಂಗಳದ ಮಧ್ಯೆ ಪಾತ್ರೆ ತುಂಬಾ ನೀರು, ಅದರ ಸುತ್ತ ಒಂದೊಂದೇ ಆಡು ಮಲಗ್ತಾ ಹೋಯ್ತು. ನೊಲ್ಫಾ ನೋಡಿ ನೋಡಿ ಸಾಕಾಗಿ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದ್ಲು. ರೊಸಮೆಲ್ ಪಾತ್ರೆ ಪಕ್ಕ ಕೂತೇ ಇದ್ದ. ನಮ್ಮೂರ ಗಾಳಿ ಗೊತ್ತಲ್ಲ, ಒಂದು ಬಟ್ಟೆ ಹರವಿ ಇನ್ನೊಂದು ಹಿಂಡೋ ಹೊತ್ತಿಗೆ ಮೊದಲನೇದು ಒಣಗಿರತ್ತೆ. ಆ ಪಾತ್ರೆಯ ನೀರು ಒಂದು ಬೆರಳೂ ಇಳಿಯಲಿಲ್ಲ. ದಿನಾ ಹೋಗಿ ನೋಡ್ತಿದ್ದೆ, ನನ್ನ ಕಣ್ಣಾಣೆ. ಬೇಕಿದ್ರೆ ಒಳಗೆ ಮಲಗಿದಾರಲ್ಲ, ನಮ್ಮ ಮನೆಯವರನ್ನ ಎಬ್ಬಿಸಿ ಕೇಳಿ.

ಕಡೆಗೆ ಉಳಿದಿದ್ದು ಪಿಂತಾದಾ. ಅದು ಒಂದು ಬೆಳಗಿನ ಜಾವ ಸತ್ತಿತು, ಹೊಟ್ಟೆಯಲ್ಲಿ ಮರಿ ಇಟ್ಕೊಂಡೇ. ರೊಸಮೆಲ್ ಕೂಗಿದ್ದು ಕೇಳಿ ನಾನು ಹೋದೆ. ಅವನು ಆಡಿನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದ.

ಪಕ್ಕದಲ್ಲಿ, ಹಿಂದಿನ ಸಂಜೆ ತನಕ ತುಂಬಿದ್ದ ಪಾತ್ರೆ ಇತ್ತು. ಒಣಗಿತ್ತು. ತಳದಲ್ಲಿ ಧೂಳು, ಬೆರಳಿಟ್ರೆ ಹೂತು ಹೋಗೋ ಅಷ್ಟು.